ಲೇಕಾಕ್, ಕಾಸಲ್ ಕೂಮ್, ಬೈಬರಿ: ಅಪ್ಪ ಅಮ್ಮನ ಜೊತೆ ಮೂರು ಹಳ್ಳಿ ನೋಡಿದ ಮೇಲೆ

ತಿಪಟೂರಿನಿಂದ ಬಂದ ಅಪ್ಪ ಅಮ್ಮ ಎರಡು ತಿಂಗಳು ರೆಡಿಂಗ್‌ನ ನಮ್ಮ ಮನೆಯಲ್ಲಿದ್ದರು. ಲಂಡನ್ ಎರಡೇ ದಿನಕ್ಕೆ ಸಾಕಾಯಿತು. "ಇಲ್ಲಿಯ ಹಳ್ಳಿ ತೋರಿಸು" ಅಂದರು ಅಮ್ಮ. ಮೂರು ಶನಿವಾರ ಮೂರು ಹಳ್ಳಿಗೆ ಹೋದೆವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೇಕಾಕ್‌ಗೆ. ಅಲ್ಲಿಗೇ ಮೊದಲು ಹೋಗಿದ್ದರೆ ಅಮ್ಮನ ಮಂಡಿ ವಾರವಿಡೀ ನೋಯುತ್ತಿರಲಿಲ್ಲ.

ಆ ನೋವು ಶುರುವಾದದ್ದು ಕಾಸಲ್ ಕೂಮ್‌ನಲ್ಲಿ. ಫೋಟೋದಲ್ಲಿ ಮೂರರಲ್ಲಿ ಅದೇ ಚೆಂದ: ಹೊಳೆ, ಸೇತುವೆ, ಜೇನಿನ ಬಣ್ಣದ ಕಲ್ಲಿನ ಮನೆಗಳು. ಆದರೆ ಹಳ್ಳಿ ಇರುವುದು ಕಣಿವೆಯ ತಳದಲ್ಲಿ, ಕಾರ್ ಪಾರ್ಕ್ ಇರುವುದು ಗುಡ್ಡದ ಮೇಲೆ. ಇಳಿಯುವಾಗ ಏನೂ ಅನ್ನಿಸಲಿಲ್ಲ. ಅಮ್ಮ ಮಾತಾಡುತ್ತಲೇ ಇಳಿದರು.

ಹತ್ತುವಾಗ ಗೊತ್ತಾಯಿತು. ನನಗೆ ಹತ್ತು ನಿಮಿಷದ ದಾರಿ, ಅಮ್ಮನಿಗೆ ಮುಕ್ಕಾಲು ಗಂಟೆ. ರಸ್ತೆ ಕಿರಿದು, ಕಾರು ಬಂದಾಗಲೆಲ್ಲ ಗೋಡೆಗೆ ಒತ್ತಿ ನಿಲ್ಲಬೇಕು. ಮೂರು ಸಲ ಕೂತರು. ಮೂರನೇ ಸಲ ಯಾರದೋ ಮನೆಯ ಮುಂದಿನ ಗಿಡ್ಡ ಗೋಡೆಯ ಮೇಲೆ ಕೂತು, "ನೀವು ಹೋಗಿ, ನಾನು ನಿಧಾನ ಬರ್ತೀನಿ" ಅಂದರು. ನನಗೆ ಅಳು ಬಂತು.

ನಾನು ಓಡಿ ಹೋಗಿ ಕಾರು ತಂದೆ. ನಿಲ್ಲಿಸಲು ಜಾಗವಿಲ್ಲ, ಹಿಂದೆ ಇನ್ನೊಂದು ಕಾರು ಕಾಯುತ್ತಿದೆ, ಆ ಗಡಿಬಿಡಿಯಲ್ಲಿ ಅಮ್ಮನನ್ನು ಹತ್ತಿಸಿಕೊಂಡದ್ದಾಯಿತು. ವಯಸ್ಸಾದವರ ಜೊತೆ ಹೋಗುವವರು ಇದೊಂದನ್ನು ಮರೆಯಬೇಡಿ: ಮೊದಲು ಹಳ್ಳಿಯವರೆಗೆ ಕಾರಿನಲ್ಲೇ ಹೋಗಿ ಅವರನ್ನು ಇಳಿಸಿ, ಆಮೇಲೆ ನೀವೊಬ್ಬರೇ ಮೇಲೆ ಹೋಗಿ ಪಾರ್ಕ್ ಮಾಡಿ.

ಅಲ್ಲಿ ಅಪ್ಪನಿಗೆ ಹಿಡಿಸಿದ್ದು ಸೇಂಟ್ ಆಂಡ್ರೂಸ್ ಚರ್ಚಿನ ಹಳೇ ಗಡಿಯಾರ. ಅದಕ್ಕೆ ಮುಖವೇ ಇಲ್ಲ, ಗಂಟೆ ಹೊಡೆದು ಹೊತ್ತು ತಿಳಿಸುವ ಯಂತ್ರ ಅಷ್ಟೇ.

ಬೈಬರಿಯಲ್ಲಿ ನೋಡುವುದು ಮುಖ್ಯವಾಗಿ ಒಂದು ಸಾಲು ಮನೆ, ಆರ್ಲಿಂಗ್ಟನ್ ರೋ. 1380ರ ಸುಮಾರಿಗೆ ಉಣ್ಣೆ ಇಡಲು ಕಟ್ಟಿದ್ದು, 17ನೇ ಶತಮಾನದಲ್ಲಿ ನೇಕಾರರ ಮನೆಗಳಾದವು. ಎದುರಿನ ಹುಲ್ಲುಗಾವಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದರಂತೆ. ಹೊರಗಿನಿಂದ ನೋಡಿ ಬರಬೇಕು, ಒಳಗೆ ಜನ ವಾಸವಿದ್ದಾರೆ. ಪ್ರವಾಸಿ ಬಸ್ಸುಗಳಲ್ಲಿ ಬಂದವರ ಜನಜಂಗುಳಿ ಜಾಸ್ತಿ. ನಾವು ಅರ್ಧ ಗಂಟೆ ಸುತ್ತಿ ಪಾರ್ಕಿಂಗ್ ಹುಡುಕಿದೆವು, ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿದೆವು.

ಲೇಕಾಕ್ ಸಮತಟ್ಟು. ನಾಲ್ಕೇ ಬೀದಿ, ರಥಬೀದಿ ಸುತ್ತಿದ ಹಾಗೆ ಒಂದು ಸುತ್ತು ಬಂದರೆ ಹೊರಟಲ್ಲಿಗೇ ಸೇರುತ್ತೀರಿ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಎಂಬಾಕೆ ಅಬ್ಬಿಯ (ಹಿಂದೆ ಕ್ರೈಸ್ತ ಮಠ, ಆಮೇಲೆ ಟಾಲ್ಬಟ್ ಮನೆತನದ ಮನೆ) ಜೊತೆಗೆ ಹಳ್ಳಿಯನ್ನೂ ನ್ಯಾಷನಲ್ ಟ್ರಸ್ಟ್‌ಗೆ, ಅಂದರೆ ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ ಸಂಸ್ಥೆಗೆ, ಕೊಟ್ಟುಬಿಟ್ಟರು. ಮನೆಗಳ ಮೇಲೆ ಒಂದೂ ಆಂಟೆನಾ ಕಾಣುವುದಿಲ್ಲ. ಆದರೂ ಅದು ಬರೀ ನೋಡುವ ಊರಲ್ಲ, ಅಲ್ಲಿ ಮಕ್ಕಳ ಶಾಲೆಯೂ ಇದೆ.

ಬೀದಿಯ ಮೂಲೆಯಲ್ಲಿ 14ನೇ ಶತಮಾನದ ದೊಡ್ಡ ಕಣಜದ ಮನೆಯಿದೆ. ರೈತರು ಅಬ್ಬಿಗೆ ಕೊಡಬೇಕಾದ ಕಾಳು, ಉಣ್ಣೆಯನ್ನು ಅಲ್ಲಿಗೆ ತಂದು ಹಾಕುತ್ತಿದ್ದರು. ಅಮ್ಮ ಬಾಗಿದ ಮರದ ತೊಲೆಗಳನ್ನು ನೋಡುತ್ತಾ, "ನಮ್ಮ ತಾತನೂ ಮಠಕ್ಕೆ ಹೀಗೇ ರಾಗಿ ಅಳೆದು ಕೊಡ್ತಿದ್ರು" ಅಂದರು. ಬೇರೆ ಎರಡು ಹಳ್ಳಿಯಲ್ಲಿ ಅಮ್ಮನಿಗೆ ತಮ್ಮೂರು ನೆನಪಾಗಿರಲಿಲ್ಲ.

ಆಮೇಲೆ ಅಬ್ಬಿ. ಸಾಲಿಸ್‌ಬರಿಯ ಕೌಂಟೆಸ್ ಈಲಾ 1232ರಲ್ಲಿ ಸನ್ಯಾಸಿನಿಯರಿಗಾಗಿ ಸ್ಥಾಪಿಸಿದ್ದು. ಮಹಡಿಯ ಒಂದು ಕಿಟಕಿಗಾಗಿಯೇ ನಾನು ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು, ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ನಮ್ಮನ್ನು ಸಾಕಿದವರು. 1835ರ ಆಗಸ್ಟ್‌ನಲ್ಲಿ ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್, ಆಗ ತನ್ನ ಮನೆಯಾಗಿದ್ದ ಈ ಅಬ್ಬಿಯ ಇದೇ ಕಿಟಕಿಯ ಫೋಟೋ ತೆಗೆದ. ಇವತ್ತಿಗೂ ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲಿ ಅದೇ ಅತಿ ಹಳೆಯದು. ಭೂತಗನ್ನಡಿ ಹಿಡಿದರೆ ಅದರಲ್ಲಿ ಕಿಟಕಿಯ ಸುಮಾರು 200 ಗಾಜಿನ ಚೌಕಗಳನ್ನು ಎಣಿಸಬಹುದು ಅಂತ ಅವನೇ ಬರೆದಿಟ್ಟಿದ್ದ. ಮನೆಯಲ್ಲಿ ಅಲ್ಲಲ್ಲಿ ಇಟ್ಟಿರುತ್ತಿದ್ದ ಅವನ ಪುಟ್ಟ ಮರದ ಕ್ಯಾಮೆರಾಗಳನ್ನು ಹೆಂಡತಿ ಇಲಿಬೋನು ಅನ್ನುತ್ತಿದ್ದಳು.

ಅಪ್ಪ ಅಲ್ಲಿ ಇಪ್ಪತ್ತು ನಿಮಿಷ ನಿಂತರು. ಗಾಜು ಎಣಿಸಿದರು. "ಬೆಳಕು ಚೆನ್ನಾಗಿದೆ" ಅಂದರು, ಅಷ್ಟೇ. ಅಷ್ಟು ಹೊತ್ತು ಅಮ್ಮ ಕೆಳಗಿನ ಕಲ್ಲಿನ ಪಡಸಾಲೆಯಲ್ಲಿ ತಂಪಾಗಿ ಕೂತಿದ್ದರು. ಮೆಟ್ಟಿಲು ಹತ್ತದಿದ್ದರೂ ಅಲ್ಲಿ ನೋಡಲು ಬೇಕಾದಷ್ಟಿದೆ.

ಖರ್ಚಿನ ಮಾತು: ನಾವು ನ್ಯಾಷನಲ್ ಟ್ರಸ್ಟ್ ಸದಸ್ಯರು, ಹಾಗಾಗಿ ಲೇಕಾಕ್‌ನಲ್ಲಿ ಅಪ್ಪ ಅಮ್ಮನ ಅಬ್ಬಿ ಟಿಕೆಟ್ ಮಾತ್ರ ಕೊಂಡೆವು. ಬೀದಿ, ಕಣಜ ಸುತ್ತುವುದಕ್ಕೆ ದುಡ್ಡಿಲ್ಲ. ಕಾರು ಇಲ್ಲದವರು ರೈಲಿನಲ್ಲಿ ಚಿಪ್ಪನಮ್‌ಗೆ ಹೋಗಿ ಅಲ್ಲಿಂದ ಬಸ್ ಹಿಡಿಯಬಹುದು. ಊಟ ನಾವು ಯಾವಾಗಲೂ ಡಬ್ಬಿಯಲ್ಲೇ ಒಯ್ಯುವುದು, ಆವತ್ತು ಚಿತ್ರಾನ್ನ.

ನಾನೊಬ್ಬಳೇ ಆದರೆ ಬೆಳಿಗ್ಗೆ ಬೇಗ ಕಾಸಲ್ ಕೂಮ್‌ಗೆ ಹೋಗಿ, ಬೈ ಬ್ರೂಕ್ ಹೊಳೆಯ ಪಕ್ಕ ಲಾಂಗ್ ಡೀನ್ ತನಕ ನಡೆದು ಬರುತ್ತೇನೆ. ಬೈಬರಿಗೆ ಇನ್ನೊಮ್ಮೆ ಹೋಗುವ ಆಸೆ ಇಲ್ಲ. ಮುಂದಿನ ಬೇಸಿಗೆಗೆ ಅತ್ತೆ ಮಾವ ಬರುತ್ತಾರೆ, ಅವರನ್ನು ಮೊದಲ ಶನಿವಾರವೇ ಲೇಕಾಕ್‌ಗೆ ಕರೆದುಕೊಂಡು ಹೋಗುತ್ತೇನೆ.