ಗಾಳಿ ಹೆಚ್ಚಿಸುವುದೋ, ಬಿಸಿ ತಗ್ಗಿಸುವುದೋ? ಹೊಸ ಲ್ಯಾಪ್‌ಟಾಪ್‌ನ ಫ್ಯಾನ್ ಸದ್ದಿಗೆ ನಾನು ಮಾಡಿ ನೋಡಿದ ಉಪಾಯಗಳು

ಹೊಸ ಲ್ಯಾಪ್‌ಟಾಪ್‌ನ ಫ್ಯಾನ್ ನಿಲ್ಲದೆ ತಿರುಗುತ್ತಿದೆ ಎಂದು ಯಾರನ್ನೇ ಕೇಳಿ, ಸಿಗುವ ಸಲಹೆಗಳೆಲ್ಲ ಎರಡು ಗುಂಪಿಗೆ ಸೇರುತ್ತವೆ. ಹುಟ್ಟಿದ ಬಿಸಿಯನ್ನು ಬೇಗ ಹೊರಗೆ ಹಾಕುವುದು ಒಂದು: ಕೂಲಿಂಗ್ ಪ್ಯಾಡ್, ಸ್ಟ್ಯಾಂಡ್, ಫ್ಯಾನಿನ ವೇಗ ಬದಲಿಸುವ ಸಾಫ್ಟ್‌ವೇರ್. ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡುವುದು ಇನ್ನೊಂದು: ಪವರ್ ಮೋಡ್, ಟರ್ಬೊ (ಪ್ರೊಸೆಸರ್ ಆಗಾಗ ತನ್ನ ಮೂಲ ವೇಗ ಮೀರಿ ಓಡುವುದು) ನಿಲ್ಲಿಸುವುದು, ಪ್ರೊಸೆಸರ್ ವೇಗಕ್ಕೆ ಕಡಿವಾಣ ಹಾಕುವುದು. ಎರಡೂ ಕಡೆಯವನ್ನು ಮಾಡಿ ನೋಡಿದ್ದೇನೆ. ನನ್ನ ಕೆಲಸಕ್ಕೆ ಎರಡನೆಯ ಗುಂಪೇ ಗೆದ್ದಿತು. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ನನ್ನದು 14 ಇಂಚಿನ ತೆಳ್ಳನೆಯ ಲ್ಯಾಪ್‌ಟಾಪ್, ಒಳಗಿರುವುದು ಇಂಟೆಲ್‌ನ 13ನೇ ತಲೆಮಾರಿನ ಐ5-1340ಪಿ ಪ್ರೊಸೆಸರ್. ಹೈಸ್ಕೂಲು ಮಕ್ಕಳಿಗಾಗಿ ವಿಜ್ಞಾನದ ಪಾಠಗಳನ್ನು ಕಲಬುರಗಿಯ ಮನೆಯಲ್ಲೇ ಕೂತು ರೆಕಾರ್ಡ್ ಮಾಡುತ್ತೇನೆ. ಆ ಹೊತ್ತಿನಲ್ಲಿ ಸೀಲಿಂಗ್ ಫ್ಯಾನ್ ಆರಿಸಲೇಬೇಕು, ಕಿಟಕಿ ಮುಚ್ಚಲೇಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಇದು ಸಣ್ಣ ಕಷ್ಟವಲ್ಲ. ಅಷ್ಟೆಲ್ಲ ತಡೆದುಕೊಂಡು ಮೈಕ್ ಮುಂದೆ ಕೂತಾಗ ಲ್ಯಾಪ್‌ಟಾಪೇ ಸುಯ್ಯೆನ್ನತೊಡಗಿದರೆ ಪಾಠ ಕೆಟ್ಟಂತೆಯೇ ಸರಿ.

ಸದ್ದು ಎಷ್ಟು ಜೋರು ಎನ್ನುವುದಕ್ಕಿಂತ ಅದು ಏರಿಳಿಯುತ್ತದೆಯೇ ಎನ್ನುವುದು ನನಗೆ ಮುಖ್ಯ. ಧ್ವನಿ ತಿದ್ದುವ ಅಡಾಸಿಟಿ ಸಾಫ್ಟ್‌ವೇರ್‌ನಲ್ಲಿ ನಾಯ್ಸ್ ರಿಡಕ್ಷನ್ (ಬೇಡದ ಸದ್ದು ತೆಗೆಯುವುದು) ಮಾಡುವಾಗ ಮೊದಲು ಮಾತಿಲ್ಲದ ಒಂದು ತುಣುಕನ್ನು ಮಾದರಿಯಾಗಿ ತೋರಿಸಬೇಕು. ಅದರಲ್ಲಿರುವ ಸದ್ದನ್ನೇ ಅದು ಇಡೀ ರೆಕಾರ್ಡಿಂಗ್‌ನಿಂದ ಕಳೆಯುತ್ತದೆ. ಫ್ಯಾನ್ ಒಂದೇ ಸಮ ತಿರುಗುತ್ತಿದ್ದರೆ ಕೆಲಸ ಸಲೀಸು. ಅರ್ಧ ನಿಮಿಷಕ್ಕೊಮ್ಮೆ ಏರಿ ಇಳಿದರೆ ಮಾದರಿಗೂ ಮುಂದಿನ ಸದ್ದಿಗೂ ತಾಳೆಯಾಗುವುದಿಲ್ಲ. ಇನ್ನಷ್ಟು ಒತ್ತಿ ತೆಗೆಯಲು ಹೋದರೆ ಸ, ಶ, ಷಗಳ ಅಂಚೇ ಅಳಿಸಿಹೋಗುತ್ತದೆ. ‘ಘರ್ಷಣೆ’, ‘ಶಾಖ’ ಎಂದು ಸ್ಪಷ್ಟವಾಗಿ ಹೇಳಿದ್ದು ನೀರಿನೊಳಗಿಂದ ಬಂದ ಮಾತಿನಂತೆ ಕೇಳುತ್ತದೆ. ಹಾಗಾಗಿ ಪ್ರತಿ ಉಪಾಯಕ್ಕೂ ನಾನಿಟ್ಟ ಪರೀಕ್ಷೆ ಎರಡು: ಸದ್ದು ಇಳಿಯಿತೇ? ಇಳಿದದ್ದು ಅಲ್ಲಿಯೇ ನಿಂತಿತೇ?

ಇದಕ್ಕೆಲ್ಲ ಕಾರಣ ಪ್ರೊಸೆಸರಿನ ವೇಗ, ತಾಪಮಾನ ತೋರಿಸುವ ಹೆಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ತೆರೆದು ಕೂತಾಗ ಕಣ್ಣೆದುರೇ ಕಂಡಿತು. ಈ ಚಿಪ್‌ಗೆ ಇಂಟೆಲ್ ಹೇಳುವ ಮೂಲ ವಿದ್ಯುತ್ ಬಳಕೆ 28 ವ್ಯಾಟ್, ಟರ್ಬೊ ಏರಿದಾಗಿನ ಗರಿಷ್ಠ 64 ವ್ಯಾಟ್. ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕಗಳೇ ಕೋರ್‌ಗಳು; ಇದರ ದೊಡ್ಡ ಕೋರ್‌ಗಳ ಮೂಲ ವೇಗ 1.9 ಗಿಗಾಹರ್ಟ್ಸ್, ಟರ್ಬೊದಲ್ಲಿ 4.6ರವರೆಗೂ ಹೋಗುತ್ತದೆ. ಬ್ರೌಸರಿನಲ್ಲಿ ಒಂದು ಪುಟ ತೆರೆದರೆ ಸಾಕು, ಒಂದೆರಡು ಕೋರ್‌ಗಳು ಕ್ಷಣಮಾತ್ರ ತುತ್ತತುದಿಗೆ ಜಿಗಿಯುತ್ತವೆ. ನಲವತ್ತರ ಮೇಲಿದ್ದ ತಾಪಮಾನ ಕಣ್ಣು ಮಿಟುಕಿಸುವಷ್ಟರಲ್ಲಿ ಎಂಬತ್ತು ದಾಟಿ, ಅಷ್ಟೇ ಬೇಗ ಕೆಳಗೆ ಬರುತ್ತದೆ. ಆದರೆ ಆ ಜಿಗಿತ ನೋಡಿ ಎದ್ದ ಫ್ಯಾನ್ ಅಷ್ಟು ಬೇಗ ಸುಮ್ಮನಾಗುವುದಿಲ್ಲ. ಅದು ನಿಧಾನವಾಗಿ ಇಳಿಯುವಷ್ಟರಲ್ಲಿ ಇನ್ನೊಂದು ಜಿಗಿತ ಬಂದಿರುತ್ತದೆ. ನಾವು ಏನೂ ಮಾಡದಿದ್ದರೂ ಫ್ಯಾನ್ ನಿಲ್ಲದಂತೆ ಅನಿಸುವುದು ಇದರಿಂದ.

ಮೊದಲು ಬರುವುದು ಸುಮ್ಮನೆ ಕಾಯುವ ಉಪಾಯ, ಇದನ್ನು ಹಗುರವಾಗಿ ಕಾಣಬೇಡಿ. ಹೊಸ ಯಂತ್ರದಲ್ಲಿ ಆರಂಭದ ದಿನಗಳಲ್ಲಿ ವಿಂಡೋಸ್ ಅಪ್‌ಡೇಟ್, ಕಡತಗಳ ಇಂಡೆಕ್ಸಿಂಗ್, ಒನ್‌ಡ್ರೈವ್ ಸಿಂಕ್, ವೈರಸ್ ತಪಾಸಣೆ ಎಲ್ಲವೂ ಒಟ್ಟಿಗೆ ಹಿನ್ನೆಲೆಯಲ್ಲಿ ನಡೆಯುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಕಾಲಮ್ ಮೇಲೆ ಕ್ಲಿಕ್ ಮಾಡಿದರೆ ಯಾರು ದುಡಿಯುತ್ತಿದ್ದಾರೆಂದು ಮೇಲಿನ ಸಾಲಿನಲ್ಲೇ ಕಾಣುತ್ತದೆ. ನನ್ನ ಯಂತ್ರದ ಜೊತೆ ಬಂದಿದ್ದ ಪ್ರಾಯೋಗಿಕ ಆಂಟಿವೈರಸ್ ಸದಾ ಮೊದಲ ಸಾಲುಗಳಲ್ಲೇ ಇರುತ್ತಿತ್ತು. ಅದನ್ನು ಅನ್‌ಇನ್‌ಸ್ಟಾಲ್ ಮಾಡಿದೆ, ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಆ ಜಾಗಕ್ಕೆ ಬಂತು. ಇಷ್ಟಕ್ಕೇ ಫ್ಯಾನಿನ ಅಬ್ಬರ ಸಾಕಷ್ಟು ತಗ್ಗಿತು. ಏರಿಳಿತ ಮಾತ್ರ ಉಳಿಯಿತು.

ಮುಂದಿನದು ತಯಾರಕರು ಕೊಡುವ ಕ್ವೈಟ್ ಮೋಡ್. ಲೆನೊವೊದ ಹಲವು ಮಾಡೆಲ್‌ಗಳಲ್ಲಿ ಎಫ್‌ಎನ್ ಜೊತೆ ಕ್ಯೂ ಒತ್ತಿದರೆ, ಏಸುಸ್‌ನ ಹಲವು ಮಾಡೆಲ್‌ಗಳಲ್ಲಿ ಎಫ್‌ಎನ್ ಜೊತೆ ಎಫ್ ಒತ್ತಿದರೆ ಮೋಡ್ ಬದಲಾಗುತ್ತದೆ. ಬೇರೆಯವರಲ್ಲಿ ಆಯಾ ಕಂಪನಿಯ ಆ್ಯಪ್ ಒಳಗೆ ಹುಡುಕಬೇಕು. ಇದನ್ನೇ ವಿಂಡೋಸ್ 11ರ ಪವರ್ ಮೋಡ್‌ನ ‘ಬೆಸ್ಟ್ ಪವರ್ ಎಫಿಶಿಯನ್ಸಿ’ ಜೊತೆ ಹೋಲಿಸಿದೆ. ನನ್ನ ಯಂತ್ರದಲ್ಲಿ ಕಂಪನಿಯ ಮೋಡ್ ಫ್ಯಾನನ್ನು ತಡವಾಗಿ ಎಬ್ಬಿಸುತ್ತದೆ, ಬದಲಿಗೆ ಕೀಬೋರ್ಡಿನ ಮೇಲ್ಭಾಗ ಬೆಚ್ಚಗಾಗುತ್ತದೆ. ವಿಂಡೋಸ್‌ನ ಮೋಡ್ ಜಿಗಿತಗಳನ್ನು ಸ್ವಲ್ಪ ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟರೆ ಪತ್ರ ಬರೆಯುವುದು, ಓದುವುದು, ಲೆಕ್ಕ ಹಾಕುವುದು ಇಂಥ ಕೆಲಸಕ್ಕೆ ಧಾರಾಳ ಸಾಕು. ಬಹಳ ಮಂದಿಗೆ ಹುಡುಕಾಟ ಇಲ್ಲಿಗೇ ಮುಗಿಯಬಹುದು. ಮೈಕ್ ಮುಂದೆ ಕೂರುವವರಿಗೆ ಮುಗಿಯುವುದಿಲ್ಲ.

ಕೂಲಿಂಗ್ ಪ್ಯಾಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ಬಹಳಷ್ಟು ತೆಳು ಲ್ಯಾಪ್‌ಟಾಪ್‌ಗಳು ತಳದ ಸೀಳುಗಳಿಂದ ಗಾಳಿ ಎಳೆದು ಹಿಂಜಿನ ಹತ್ತಿರ ಬಿಸಿಗಾಳಿ ಬಿಡುತ್ತವೆ. ಪ್ಯಾಡಿನ ಫ್ಯಾನ್ ಆ ಸೀಳುಗಳ ಕೆಳಗೇ ಬಂದರೆ ಉಪಯೋಗವಾಗುತ್ತದೆ. ನಾನು ತಂದ ಪ್ಯಾಡಿನ ಫ್ಯಾನ್ ನಟ್ಟನಡುವೆ, ನನ್ನ ಯಂತ್ರದ ಸೀಳುಗಳಿರುವುದು ಹಿಂಬದಿಯಲ್ಲಿ. ಬೀಸಿದ ಗಾಳಿಯ ಹೆಚ್ಚಿನ ಪಾಲು ಬರೀ ಪ್ಲಾಸ್ಟಿಕ್ಕಿಗೆ ಬಡಿದು ಚದುರಿತು. ಅದರ ಮೇಲೆ ಯುಎಸ್‌ಬಿಯಲ್ಲಿ ಓಡುವ ಆ ಫ್ಯಾನಿನದೇ ಸದ್ದು ಬೇರೆ. ಅದನ್ನು ಬದಿಗಿಟ್ಟು, ಲ್ಯಾಪ್‌ಟಾಪಿನ ಹಿಂಬದಿಯ ಎರಡು ಮೂಲೆಗಳಿಗೆ ಮಕ್ಕಳ ದಪ್ಪ ರಬ್ಬರುಗಳನ್ನು ಕೊಟ್ಟು ಎತ್ತರಿಸಿದೆ. ಬೆರಳು ತೂರುವಷ್ಟು ಜಾಗವಾಯಿತು. ತಾಪಮಾನದಲ್ಲಿ ಪ್ಯಾಡಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಸದ್ದು ಮಾತ್ರ ಒಂದು ಫ್ಯಾನಿನಷ್ಟು ಕಡಿಮೆ. ಗಂಟೆಗಟ್ಟಲೆ ಗೇಮ್ ಆಡುವವರಿಗೆ, ಹೆಡ್‌ಫೋನ್ ಹಾಕಿಕೊಳ್ಳುವವರಿಗೆ ಒಳ್ಳೆಯ ಪ್ಯಾಡ್ ನೆರವಾದೀತು. ಮೌನ ಬೇಕೆನ್ನುವವರಿಗೆ ಅದನ್ನು ನಾನು ಹೇಳುವುದಿಲ್ಲ. ಹಾಸಿಗೆ, ದುಪ್ಪಟಿ, ದಿಂಬಿನ ಮೇಲೆ ಇಟ್ಟರಂತೂ ಸೀಳುಗಳೇ ಮುಚ್ಚಿಹೋಗುತ್ತವೆ, ಆಗ ಯಾವ ಸೆಟ್ಟಿಂಗೂ ಉಳಿಸುವುದಿಲ್ಲ.

ಫ್ಯಾನನ್ನೇ ಹಿಡಿತಕ್ಕೆ ತೆಗೆದುಕೊಳ್ಳುವ ನೋಟ್‌ಬುಕ್ ಫ್ಯಾನ್‌ಕಂಟ್ರೋಲ್‌ನಂಥ ಸಾಫ್ಟ್‌ವೇರ್‌ಗಳ ಆಸೆ ನನಗೂ ಇತ್ತು. ಲ್ಯಾಪ್‌ಟಾಪ್ ಫ್ಯಾನನ್ನು ನಡೆಸುವುದು ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್. ಅದರ ಭಾಷೆ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ನಮ್ಮ ಮಾಡೆಲ್‌ಗೆ ಸರಿಯಾದ ಕಾನ್ಫಿಗರೇಶನ್ ಫೈಲ್ ಇಲ್ಲದೆ ಅದಕ್ಕೆ ಏನೋ ಒಂದು ಬರೆಯುವುದು ಅಪಾಯ. ನನ್ನದಕ್ಕೆ ಅದು ಸಿಗಲಿಲ್ಲ, ಬಿಟ್ಟೆ. ಸಿಕ್ಕಿದ್ದರೂ ಬಿಸಿ ಹಾಗೆಯೇ ಹುಟ್ಟುತ್ತಿದ್ದಾಗ ಫ್ಯಾನನ್ನು ಮಾತ್ರ ಅದುಮಿಡುವುದು ನನಗೆ ಒಪ್ಪಿಗೆಯಿಲ್ಲ. ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್‌ಗಳು) ಒಳಗೆ ಒಮ್ಮೆ ಇಣುಕುವುದು ಒಳ್ಳೆಯದು: ಕೆಲವು ಕಂಪನಿಗಳ ಯಂತ್ರಗಳಲ್ಲಿ ‘ಫ್ಯಾನ್ ಆಲ್ವೇಸ್ ಆನ್’ ಎಂಬ ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿದರೆ ಯಂತ್ರ ತಣ್ಣಗಿದ್ದಾಗ ಫ್ಯಾನ್ ನಿಲ್ಲಬಲ್ಲದು.

ಇನ್ನು ನನಗೆ ನಿಜಕ್ಕೂ ಫಲ ಕೊಟ್ಟ ಗುಂಪು. ಪ್ರೊಸೆಸರ್ ಉಣ್ಣುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿ ಏರುತ್ತದೆ. ವೇಗ ಹೆಚ್ಚಿದಂತೆ ವೋಲ್ಟೇಜೂ ಹೆಚ್ಚಬೇಕು. ಹಾಗಾಗಿ ಮೇಲಿನ ಕೊನೆಯ ಒಂದು ಗಿಗಾಹರ್ಟ್ಸ್ ಬಹಳ ದುಬಾರಿ: ಸಿಗುವ ವೇಗ ಸ್ವಲ್ಪ, ಹುಟ್ಟುವ ಬಿಸಿ ವಿಪರೀತ. ಅದನ್ನು ಬಿಟ್ಟುಕೊಟ್ಟರೆ ಫ್ಯಾನ್ ಏಳುವ ಕಾರಣವೇ ಇಲ್ಲವಾಗುತ್ತದೆ. ಫ್ಯಾನಿನ ಲೆಕ್ಕವೂ ನಮ್ಮ ಪರವಾಗಿಯೇ ಇದೆ. ಅದರ ಸುತ್ತುಗಳು ಅರ್ಧಕ್ಕಿಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಸೂತ್ರ.

ಇದಕ್ಕೆ ವಿಂಡೋಸ್‌ನ ಪವರ್ ಆಪ್ಶನ್ಸ್‌ನಲ್ಲಿ ಮೂರು ದಾರಿ. ಎಲ್ಲರೂ ಹೇಳುವುದು ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಅನ್ನು 100ರಿಂದ 99ಕ್ಕೆ ಇಳಿಸುವುದು. ಒಂದು ಶೇಕಡಾ ಇಳಿಸಿದರೆ ಏನಾದೀತು ಎನಿಸುತ್ತದೆ, ಆದರೆ ಅಷ್ಟಕ್ಕೇ ಟರ್ಬೊ ಪೂರ್ತಿ ನಿಂತಿತು. ನನ್ನ ದೊಡ್ಡ ಕೋರ್‌ಗಳು 1.9ರ ಹತ್ತಿರವೇ ಕೂತವು. ಫ್ಯಾನ್ ಬಹುತೇಕ ಸುಮ್ಮನಾಯಿತು, ಯಂತ್ರವೂ ಮಂಕಾಯಿತು. ಹತ್ತಾರು ಟ್ಯಾಬ್ ತೆರೆದಿದ್ದರೆ ಪ್ರತಿ ಕ್ಲಿಕ್ಕಿಗೂ ಒಂದು ತಡವರಿಕೆ. ಮೂಲ ವೇಗವೇ ಹೆಚ್ಚಿದ್ದ ಹಳೆಯ ಪ್ರೊಸೆಸರ್‌ಗಳಲ್ಲಿ ಈ ಉಪಾಯ ಚೆನ್ನಾಗಿ ಒಪ್ಪುತ್ತಿತ್ತು; ಮೂಲ ವೇಗ ತೀರ ಕೆಳಗಿರುವ ಇಂದಿನ ತೆಳು ಲ್ಯಾಪ್‌ಟಾಪ್‌ಗಳಿಗೆ ಇದು ಅತಿಯಾಯಿತು. ‘ಪ್ರೊಸೆಸರ್ ಪರ್ಫಾರ್ಮೆನ್ಸ್ ಬೂಸ್ಟ್ ಮೋಡ್’ ಅನ್ನು ಡಿಸೇಬಲ್ ಮಾಡಿದರೂ ಫಲ ಹೆಚ್ಚುಕಡಿಮೆ ಇದೇ.

ಮೂರನೆಯದು ‘ಮ್ಯಾಕ್ಸಿಮಮ್ ಪ್ರೊಸೆಸರ್ ಫ್ರೀಕ್ವೆನ್ಸಿ’. ಇಲ್ಲಿ ಮೆಗಾಹರ್ಟ್ಸ್ ಲೆಕ್ಕದಲ್ಲಿ ನಮಗೆ ಬೇಕಾದ ಮಿತಿ ಬರೆಯಬಹುದು, ಸೊನ್ನೆ ಎಂದರೆ ಮಿತಿಯಿಲ್ಲ. ದೊಡ್ಡ ಮತ್ತು ಚಿಕ್ಕ ಕೋರ್‌ಗಳು ಎರಡೂ ಇರುವ ಚಿಪ್‌ಗಳಲ್ಲಿ ಈ ಸಾಲು ಎರಡು ಸಲ ಕಾಣುತ್ತದೆ. ‘ಎಫಿಶಿಯನ್ಸಿ ಕ್ಲಾಸ್ 1’ ಎಂದಿರುವುದು ದೊಡ್ಡ ಕೋರ್‌ಗಳದು. ಅದಕ್ಕೆ 3000 ಕೊಟ್ಟೆ. ತಾಪಮಾನದ ಗೆರೆಯಲ್ಲಿದ್ದ ಚೂಪು ಶಿಖರಗಳು ಮಾಯವಾಗಿ, ಅರವತ್ತರ ಆಸುಪಾಸಿನ ಸಣ್ಣ ದಿಬ್ಬಗಳಷ್ಟೇ ಉಳಿದವು. ಫ್ಯಾನ್ ಒಂದೋ ನಿಲ್ಲುತ್ತದೆ, ಇಲ್ಲವೇ ತೀರ ಕೆಳಗಿನ ವೇಗದಲ್ಲಿ ಒಂದೇ ಸಮ ತಿರುಗುತ್ತದೆ. ಟೈಪಿಂಗು, ಬ್ರೌಸಿಂಗು, ಸ್ಲೈಡು ಯಾವುದರಲ್ಲೂ ನಿಧಾನ ಅನಿಸಿಲ್ಲ. ಯಂತ್ರವನ್ನು ಮಂಕಾಗಿಸದೆ ನನ್ನ ಎರಡೂ ಪರೀಕ್ಷೆಗಳಲ್ಲಿ ಪಾಸಾದದ್ದು ಇದೊಂದೇ.

ತೊಡಕೆಂದರೆ, ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲುಗಳು ಪವರ್ ಆಪ್ಶನ್ಸ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಅಡಗಿರುತ್ತವೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಪವರ್‌ಸಿಎಫ್‌ಜಿ ಎಂಬ ವಿಂಡೋಸ್‌ನದೇ ಆದೇಶದಿಂದ ಅವನ್ನು ಹೊರಗೆ ತರಬೇಕು. ಒಂದು ಸಲ ಮಾಡಿದರೆ ಸಾಕು. ಇನ್ನೊಂದು ಅನುಕೂಲವನ್ನು ಮರೆಯದೆ ಹೇಳಬೇಕು: ಈ ಪ್ರತಿ ಸಾಲಿಗೂ ‘ಆನ್ ಬ್ಯಾಟರಿ’, ‘ಪ್ಲಗ್ಡ್ ಇನ್’ ಎಂದು ಎರಡು ಬೇರೆ ಬೇರೆ ಮೌಲ್ಯ ಕೊಡಬಹುದು. ನಾನು 3000ದ ಮಿತಿಯನ್ನು ಬ್ಯಾಟರಿಗೆ ಮಾತ್ರ ಇಟ್ಟಿದ್ದೇನೆ. ರೆಕಾರ್ಡಿಂಗ್‌ಗೆ ಕೂರುವಾಗ ಚಾರ್ಜರ್ ಕೀಳುತ್ತೇನೆ. ಮಿತಿ ತಾನಾಗಿ ಬರುತ್ತದೆ, ಚಾರ್ಜಿಂಗಿನಿಂದ ಹುಟ್ಟುವ ಬಿಸಿಯೂ ಇಲ್ಲ. ಪಾಠದ ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಚಾರ್ಜರ್ ಹಾಕಿ ಪಕ್ಕದ ಕೋಣೆಗೆ ಹೋಗುತ್ತೇನೆ, ಫ್ಯಾನ್ ಎಷ್ಟಾದರೂ ತಿರುಗಲಿ. ಎಕ್ಸ್‌ಪೋರ್ಟನ್ನೂ ಮಿತಿಯೊಳಗೆ ಮಾಡಿ ನೋಡಿದ್ದೆ, ಗಮನಕ್ಕೆ ಬರುವಷ್ಟು ತಡವಾಯಿತು.

ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್‌ನಲ್ಲಿ ಪ್ರೊಸೆಸರಿನ ವ್ಯಾಟ್ ಮಿತಿಯನ್ನೇ ಇಳಿಸಬಹುದು. ದೀರ್ಘ ಕೆಲಸಗಳಿಗೆ ಅದು ಒಳ್ಳೆಯ ಸಾಧನ, ಕ್ಷಣಿಕ ಜಿಗಿತಗಳಿಗೆ ವೇಗದ ಮಿತಿಯಷ್ಟು ನಾಟಲಿಲ್ಲ. ವೋಲ್ಟೇಜ್ ಇಳಿಸುವ ಅಂಡರ್‌ವೋಲ್ಟಿಂಗ್ ಅನ್ನು, 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಿಬಿಟ್ಟಿದ್ದಾರೆ. ನನ್ನದರಲ್ಲೂ ಆ ಬಾಗಿಲು ಬಂದ್. ಲಿನಕ್ಸ್ ಬಳಸುವವರ ದಾರಿ ಇನ್ನೂ ಸುಲಭ: ಇಂಟೆಲ್ ಪಿ-ಸ್ಟೇಟ್‌ನ ‘ನೋ ಟರ್ಬೊ’ ಕಡತಕ್ಕೆ 1 ಬರೆದರೆ ಟರ್ಬೊ ನಿಲ್ಲುತ್ತದೆ, 0 ಬರೆದರೆ ಮರಳುತ್ತದೆ.

ಲ್ಯಾಪ್‌ಟಾಪನ್ನು ಮುಟ್ಟದೆ ಮೈಕನ್ನು ಸರಿಸುವುದೂ ಒಂದು ಉಪಾಯ, ಫ್ಯಾನ್ ಸದ್ದನ್ನು ಹೋಲಿಸುವಾಗ ಇದು ಯಾರ ಬಾಯಲ್ಲೂ ಬರುವುದಿಲ್ಲ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನಿನ ಕಡೆಯಿಂದ ಬರುವ ಸದ್ದನ್ನು ಬಹಳ ಕಡಿಮೆ ಹಿಡಿಯುತ್ತದೆ. ಬೆನ್ನು ಲ್ಯಾಪ್‌ಟಾಪಿನ ಕಡೆಗಿರುವಂತೆ ತಿರುಗಿಸಿ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳ ಪ್ರತಿಫಲನದಿಂದ ಅಷ್ಟು ಇಳಿಯದಿದ್ದರೂ ಲಾಭವಂತೂ ಇದೆ. ಉದ್ದನೆಯ ಕೇಬಲ್ ತಂದು ಲ್ಯಾಪ್‌ಟಾಪನ್ನು ಮೇಜಿನಿಂದ ಪಕ್ಕದ ಸ್ಟೂಲಿಗೆ ಇಳಿಸಿದ್ದು ಕೂಲಿಂಗ್ ಪ್ಯಾಡಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಗೆಳೆಯರೊಬ್ಬರ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಒಂದು ಪಾಠ ರೆಕಾರ್ಡ್ ಮಾಡಿ ನೋಡಿದೆ. 2020ರಲ್ಲಿ ಬಂದ ಆ ಯಂತ್ರದಲ್ಲಿ ಫ್ಯಾನೇ ಇಲ್ಲ. ಧ್ವನಿಗೆ ಅದಕ್ಕೆ ಸಾಟಿಯಿಲ್ಲ. ದೀರ್ಘ ಎಕ್ಸ್‌ಪೋರ್ಟಿನಲ್ಲಿ ಬಿಸಿಯೇರಿದಂತೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅಷ್ಟೇ. ಇನ್ನೂ ಕೊಳ್ಳದವರು, ಬರೀ ಧ್ವನಿಯ ಕೆಲಸ ಮಾಡುವವರು ಫ್ಯಾನಿಲ್ಲದ ಯಂತ್ರಗಳನ್ನು ಮೊದಲು ನೋಡಿ. ನನಗೆ ಬೇಕಾದ ಸಾಫ್ಟ್‌ವೇರ್‌ಗಳಿರುವುದು ವಿಂಡೋಸ್‌ನಲ್ಲಿ, ಹಾಗಾಗಿ ನನ್ನದೇ ನನಗೆ.

ಇದಿಷ್ಟೂ ಗಾಳಿಯ ಸದ್ದಿನ ಮಾತು. ಕರಕರ, ಟಿಕಟಿಕ, ಲ್ಯಾಪ್‌ಟಾಪನ್ನು ವಾಲಿಸಿದಾಗ ಬದಲಾಗುವ ಗರಗರ ಸದ್ದಿದ್ದರೆ ಅದು ಬೇರಿಂಗ್ ದೋಷವೋ, ರೆಕ್ಕೆಗೆ ಏನೋ ತಾಗುತ್ತಿರುವುದೋ ಆಗಿರುತ್ತದೆ. ಯಾವ ಸೆಟ್ಟಿಂಗಿನಿಂದಲೂ ಅದು ಸರಿಹೋಗುವುದಿಲ್ಲ. ಹೊಸ ಯಂತ್ರವನ್ನು ನೀವೇ ಬಿಚ್ಚಿ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿ ದಾಟಿಸಲು ಹಚ್ಚುವ ಲೇಪ) ಬದಲಿಸಲು ಹೋಗಬೇಡಿ. ಫೋನಿನಲ್ಲಿ ಆ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡು, ಅಂಗಡಿಯ ವಾಪಸಾತಿ ಗಡುವು ಮುಗಿಯುವುದರೊಳಗೆ ಹೋಗಿ ಬದಲಿ ಕೇಳಿ. ಗಡುವು ದಾಟಿದ್ದರೆ ವಾರಂಟಿಯಲ್ಲಿ ಫ್ಯಾನ್ ಬದಲಿಸಿಕೊಡಲು ಹೇಳಿ.