ಹಳೆ ಜೀಪಿಗೆ ‘ಹೆವಿ ಹೌಸಿಂಗ್’ ಹಾಕಿಸೋಕೆ ಹೊರಟವರು ಇದನ್ನೊಮ್ಮೆ ಓದಿ

ಹುಬ್ಬಳ್ಳಿ-ಧಾರವಾಡ ಕಡೆ ಹಳೆ ಮಹೀಂದ್ರಾ ಜೀಪು ಇಟ್ಟುಕೊಂಡವರಿಗೆ ಗ್ಯಾರೇಜಿನಲ್ಲಿ ಈ ಮಾತು ಕೇಳಿಯೇ ಇರುತ್ತದೆ: “ಹಿಂದಿನ ಹೌಸಿಂಗ್ ತಗದು ಪಿಕಪ್‌ದು ಹೆವಿ ಹಾಕ್ರಿ ಸರ್, ಆಮ್ಯಾಲೆ ಎಲ್ಲಿ ಬೇಕಾದ್ರೂ ಹೊಡೀರಿ.” ಹೌಸಿಂಗ್ ಅಂದರೆ ಎರಡು ಗಾಲಿಗಳ ನಡುವೆ ಆಕ್ಸೆಲ್ ಶಾಫ್ಟ್ ಮತ್ತು ಗೇರುಗಳನ್ನು ಒಳಗಿಟ್ಟುಕೊಂಡ ಕಬ್ಬಿಣದ ಕವಚ. ನಮ್ಮ ಕಾಕಾನ ಜೀಪಿಗೂ ಹೀಗೇ ಹೇಳಿ ಹಾಕಿದರು. ಆಮೇಲೆ ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಬಲವನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಒಡೆಯಿತು. ಬ್ರೇಕ್ ಒಮ್ಮೆ ಕೈಕೊಟ್ಟಿತು. ಹೌಸಿಂಗಿನ ಬೆಲೆಗಿಂತ ಬಿಚ್ಚಿ ಕಟ್ಟಿದ ಖರ್ಚೇ ಜಾಸ್ತಿ ಆಯಿತು.

ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಆ ಒಂದು ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಹೋಗುತ್ತೀರಿ, ಅಲ್ಲೂ ಇದೇ ಕೆಲಸ ನಡೆಯುತ್ತಿರಬಹುದು.

ಬದಲಾಯಿಸುವ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಜೀಪು ಇರುವುದು ನವಲಗುಂದ ಕಡೆ, ಎರಿ ಹೊಲದಲ್ಲಿ. ಮಳೆ ಬಿದ್ದ ಮೇಲೆ ಆ ಮಣ್ಣು ಗಾಲಿಗೆ ಮೆತ್ತಿಕೊಂಡರೆ ಗಾಲಿ ಎರಡು ಪಟ್ಟು ದಪ್ಪ ಕಾಣುತ್ತದೆ. ಅದರ ಮೇಲೆ ಕಾಕಾ ದೊಡ್ಡ ಟೈರ್ ಬೇರೆ ಹಾಕಿಸಿದ್ದ. ಹಳೆ ಜೀಪಿನ ಹಿಂದಿನ ಆಕ್ಸೆಲ್ ಶಾಫ್ಟಿನ ತುದಿ ಟೇಪರ್ (ಮೊನೆಯತ್ತ ಸಣ್ಣಗೆ) ಆಗಿರುತ್ತದೆ. ಅದರ ಮೇಲೆ ಗಾಲಿಯನ್ನು ಹಿಡಿಯುವ ಹಬ್ ಕೂರುತ್ತದೆ, ನಡುವೆ ಅದು ಜಾರದಂತೆ ಹಿಡಿಯುವ ಸಣ್ಣದೊಂದು ಉಕ್ಕಿನ ತುಂಡು, ಅಂದರೆ ಕೀ, ಹೊರಗೆ ದೊಡ್ಡ ನಟ್. ನಟ್ ಸ್ವಲ್ಪ ಸಡಿಲಾದರೂ ಕೀ ಕತ್ತರಿಸಿ ಹೋಗುತ್ತದೆ. ಇದು ಸೆಮಿ ಫ್ಲೋಟಿಂಗ್ ಆಕ್ಸೆಲ್. ಅಂದರೆ ಗಾಲಿ ತಿರುಗಿಸುವುದೂ ಶಾಫ್ಟೇ, ಗಾಡಿಯ ಭಾರ ಹೊರುವುದೂ ಶಾಫ್ಟೇ. ಅದು ಮುರಿದರೆ ಗಾಲಿ ಕಳಚಿಕೊಂಡು ಹೋಗುವ ಭಯ. ಫುಲ್ ಫ್ಲೋಟಿಂಗ್‌ನಲ್ಲಿ ಭಾರ ಹೌಸಿಂಗ್ ಮೇಲೆ ಇರುತ್ತದೆ. ಶಾಫ್ಟ್ ಮುರಿದರೂ ಗಾಲಿ ತನ್ನ ಜಾಗದಲ್ಲೇ ಇರುತ್ತದೆ.

ನಮಗೂ “ಫುಲ್ ಫ್ಲೋಟಿಂಗ್” ಅಂತಲೇ ಹೇಳಿ ಕೊಟ್ಟರು. ಬಂದದ್ದು ಸೆಮಿ ಫ್ಲೋಟಿಂಗೇ, ಶಾಫ್ಟಿನ ಸುತ್ತ ಇರುವ ಹೌಸಿಂಗಿನ ಟ್ಯೂಬ್ ಮಾತ್ರ ದಪ್ಪ. ಇದನ್ನು ಕಂಡುಹಿಡಿಯೋಕೆ ಇಂಜಿನಿಯರ್ ಆಗಬೇಕಿಲ್ಲ. ಫುಲ್ ಫ್ಲೋಟಿಂಗ್ ಆದರೆ ಹಬ್ ಗಾಲಿಯ ನಡುವಿನಿಂದ ಹೊರಗೆ ಚಾಚಿರುತ್ತದೆ, ಅದರ ಮುಖದ ಮೇಲೆ ಸುತ್ತಲೂ ಬೋಲ್ಟ್ ಇರುತ್ತವೆ. ಲಾರಿಯ ಹಿಂದಿನ ಗಾಲಿ ನೋಡಿದವರಿಗೆ ಗೊತ್ತು. ಆ ಬೋಲ್ಟ್ ಬಿಚ್ಚಿದರೆ ಗಾಲಿ ನೆಲದ ಮೇಲಿರುವಾಗಲೇ ಶಾಫ್ಟ್ ಹೊರಗೆ ಎಳೆಯಬಹುದು. ಹೌಸಿಂಗಿಗೆ ಹೊಸ ಕಪ್ಪು ಪೇಂಟ್ ಹೊಡೆದು ತೋರಿಸಿದರೆ ಪೇಂಟ್ ನೋಡಬೇಡಿ, ಈ ತುದಿ ನೋಡಿ.

ಇಷ್ಟೇ ಆಗಿದ್ದರೆ ಸುಮ್ನೆ ಇದ್ದುಬಿಡಬಹುದಿತ್ತು. ನಿಜವಾದ ಪೆಟ್ಟು ಬಿದ್ದದ್ದು ರೇಶಿಯೋದಲ್ಲಿ. ಅಂದರೆ ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸೆಲ್‌ಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಹಾಕಿದರೆ ಗಾಲಿ ಒಂದು ಸುತ್ತು ಹಾಕುತ್ತದೆ ಅನ್ನುವ ಲೆಕ್ಕದಲ್ಲಿ. ಜೀಪಿನ ಮುಂದಿನ ಆಕ್ಸೆಲ್‌ನಲ್ಲಿ ಕ್ರೌನ್‌ಗೆ (ಗಾಲಿಗಳ ಕಡೆಯ ದೊಡ್ಡ ಗೇರ್) 43 ಹಲ್ಲು, ಪಿನಿಯನ್‌ಗೆ (ಅದನ್ನು ತಿರುಗಿಸುವ ಸಣ್ಣ ಗೇರ್) 8, ಅಂದರೆ 5.38. ಹಿಂದೆ ತಂದು ಕೂರಿಸಿದ್ದರಲ್ಲಿ 39ಕ್ಕೆ 8, ಅಂದರೆ 4.88. ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಹಿಂದಿನ ಗಾಲಿ 10 ಸುತ್ತು ಹಾಕುವಷ್ಟರಲ್ಲಿ ಮುಂದಿನದು ಹಾಕುವುದು 9 ಮಾತ್ರ. ಒಂದು ಎತ್ತು ಓಡುತ್ತದೆ, ಇನ್ನೊಂದು ನಡೆಯುತ್ತದೆ, ನೊಗ ಮಾತ್ರ ಒಂದೇ.

ಮೋಸ ಎಲ್ಲಿದೆ ಅಂದರೆ, ಕೆಸರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಗಾಲಿ ಹೇಗೂ ಜಾರುತ್ತಿರುತ್ತದೆ, ಆ ಒಂದು ಸುತ್ತಿನ ಫರಕು ಜಾರುವುದರಲ್ಲೇ ಕಳೆದುಹೋಗುತ್ತದೆ. ಗ್ಯಾರೇಜಿನವರು ಟ್ರಯಲ್ ತೋರಿಸಿದ್ದೂ ಹೊಲದಲ್ಲೇ. ಗಟ್ಟಿ ನೆಲಕ್ಕೆ ಬಂದಾಗ ಬಣ್ಣ ಬಯಲಾಯಿತು. ಕಾಕಾ ಬೆಣ್ಣಿಹಳ್ಳದ ದಂಡೆಯಿಂದ ಮೇಲೆ ಹತ್ತಿ ಗರಸಿನ ದಾರಿಗೆ ಬಂದ. ಅಲ್ಲಿಂದ ಟಾರ್ ರಸ್ತೆ ಕೂಗಳತೆ ದೂರ. ಅಷ್ಟರಲ್ಲೇ ಸ್ಟೇರಿಂಗ್ ಬಿಗಿಯಿತು, ಯಾರೋ ಬ್ರೇಕ್ ಒತ್ತಿ ಹಿಡಿದ ಹಾಗೆ ಗಾಡಿ ನಿಲ್ಲತೊಡಗಿತು. ಫೋರ್ ವೀಲ್ ಲಿವರ್ ಎಳೆದರೆ ಬರುತ್ತಿಲ್ಲ. ಎರಡೂ ಶಾಫ್ಟ್ ಒಂದನ್ನೊಂದು ಹಿಂಡಿಕೊಂಡು ನಿಂತಿದ್ದವು. ಇಂಥ ಹೊತ್ತಿನಲ್ಲಿ ಸ್ವಲ್ಪ ರಿವರ್ಸ್ ಹೋದರೆ ಬಿಗಿ ಸಡಿಲಾಗಿ ಲಿವರ್ ಬರುತ್ತದೆ. ಆ ದಿನ ಬಂತು ಕೂಡ. ಆಮೇಲೆ ಇನ್ನೊಮ್ಮೆ ಹೀಗೇ ಆದಾಗ ಒಳಗಿನಿಂದ ‘ಟಕ್’ ಅಂತ ಸದ್ದು. ಟ್ರಾನ್ಸ್‌ಫರ್ ಕೇಸಿನ ಆಯಿಲ್ ಇಳಿಸಿದಾಗ ಹಲ್ಲಿನ ಚೂರುಗಳು ಟ್ರೇಯಲ್ಲಿ ಬಿದ್ದವು.

ಗ್ಯಾರೇಜಿಗೆ ಹೋಗಿ ಕೇಳಿದರೆ ಮಿಸ್ತ್ರಿ ನಮ್ಮ ಮೇಲೇ ತಿರುಗಿದ: “ಫೋರ್ ವೀಲ್ ಹಾಕ್ಕೊಂಡು ಗಟ್ಟಿ ನೆಲದ ಮ್ಯಾಲೆ ಯಾಕ ಹೊಡದ್ರಿ?” ಟಾರ್ ಮೇಲೆ ಫೋರ್ ವೀಲ್ ಹಾಕಬಾರದು ಅನ್ನುವುದು ಖರೆ. ಹಳೆ ಜೀಪಿನಲ್ಲಿ ರೇಶಿಯೋ ಸರಿ ಇದ್ದರೂ ಹಾಕಬಾರದು. ಆದರೆ ರೇಶಿಯೋ ಸರಿ ಇರುವ ಜೀಪು ಗರಸಿನ ಮೇಲೆ ನಾಲ್ಕು ಹೆಜ್ಜೆ ನಡೆದರೆ ಗೇರ್ ಒಡೆಯುವುದಿಲ್ಲ. ಈ ಮಾತಿಗೆ ಅವನ ಹತ್ತಿರ ಉತ್ತರ ಇರಲಿಲ್ಲ.

ದುಡ್ಡು ಕೊಡುವ ಮುಂಚೆ ರೇಶಿಯೋ ನೀವೇ ಎಣಿಸಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಗಾಲಿಗೆ ಹಿಂದೆ ಮುಂದೆ ಕಲ್ಲು ಇಡಿ. ಹಿಂದಿನ ಒಂದು ಗಾಲಿ ಮಾತ್ರ ಜಾಕ್‌ನಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಡಿ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಡಿ. ಗಾಲಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸುಣ್ಣದ ಗುರುತು ಹಾಕಿ. ಗಾಲಿಯನ್ನು ಕೈಯಿಂದ 20 ಸುತ್ತು ತಿರುಗಿಸಿ, ಇನ್ನೊಬ್ಬರು ಶಾಫ್ಟಿನ ಸುತ್ತು ಎಣಿಸಲಿ. ಒಂದೇ ಗಾಲಿ ತಿರುಗುತ್ತಿರುವುದರಿಂದ 20 ಸುತ್ತು ಅಂದರೆ ಕ್ರೌನಿನ 10 ಸುತ್ತು. ಶಾಫ್ಟ್ 54ರ ಹತ್ತಿರ ಬಂದರೆ 5.38, 49ರ ಹತ್ತಿರ ಬಂದರೆ 4.88. ಮುಂದಿನ ಆಕ್ಸೆಲ್‌ಗೂ ಇದೇ ರೀತಿ ನೋಡಿ. ಹೌಸಿಂಗ್ ಇನ್ನೂ ಅಂಗಡಿಯಲ್ಲೇ ಬಿದ್ದಿದ್ದರೆ ಮುಚ್ಚಳ ಬಿಚ್ಚಿಸಿ ಹಲ್ಲು ಎಣಿಸಿ. ಬಿಚ್ಚೋಕೆ ಒಲ್ಲೆ ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಇನ್ನೊಂದು ವಿಷಯ. ಹಳೆ ಜೀಪಿನ ಹಿಂದಿನ ಡಿಫರೆನ್ಷಿಯಲ್ (ಹೌಸಿಂಗಿನಲ್ಲಿ ಕ್ರೌನ್, ಪಿನಿಯನ್ ಇರುವ ಉಬ್ಬಿದ ಭಾಗ) ನಟ್ಟನಡುವೆ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಬರುವುದೂ ಆ ಬದಿಗೇ. ಪಿಕಪ್‌ನಿಂದ ಬಂದದ್ದರಲ್ಲಿ ಅದು ನಡುವೆ ಇತ್ತು. ಶಾಫ್ಟ್ ಕೆಳಕ್ಕೂ ಇಳಿಯಬೇಕು, ಅಡ್ಡಕ್ಕೂ ಹೋಗಬೇಕು. ಅದರ ತುದಿಯಲ್ಲಿ ಓರೆಯಾಗಿಯೂ ತಿರುಗುವ ಕೀಲಿಗೆ ಕ್ರಾಸ್ ಅನ್ನುತ್ತಾರೆ. “ಏನಾಗಂಗಿಲ್ರೀ, ಕ್ರಾಸ್ ಐತಲ್ರೀ, ತಿರಗತೈತಿ” ಅಂದರು. ತಿರುಗಿತು. ಸ್ಪೀಡ್ ಸ್ವಲ್ಪ ಏರಿಸಿದರೆ ಸೀಟಿನ ಕೆಳಗೆ ಗುರ್ರ್ ಅನ್ನುತ್ತಿತ್ತು, ಕ್ರಾಸ್ ಬೇಗ ಸವೆದು ಹೋಯಿತು. ಹಳೆ ಜೀಪಿನ ಹ್ಯಾಂಡ್ ಬ್ರೇಕ್ ಇರುವುದು ಗಾಲಿಯಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಅದೇ ಶಾಫ್ಟಿನ ಮೇಲೆ. ಕ್ರಾಸ್ ಮುರಿದರೆ ಹ್ಯಾಂಡ್ ಬ್ರೇಕ್ ಕೂಡ ಹೋದ ಹಾಗೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ವೆಲ್ಡಿಂಗ್ ಕಥೆ ಬೇರೆ. ಸ್ಪ್ರಿಂಗ್ ಕೂರುವ ಪ್ಯಾಡನ್ನು ಹೊಸ ಜಾಗದಲ್ಲಿ ಟ್ಯೂಬಿಗೆ ವೆಲ್ಡ್ ಮಾಡಬೇಕಾಗುತ್ತದೆ. ಬಲ್ಲವರು ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ಹಾಕಿ, ನಡುನಡುವೆ ಆರಲು ಬಿಡುತ್ತಾರೆ. ಇಲ್ಲಿ ಒಂದೇ ಸಲ ಉದ್ದಕ್ಕೆ ಎಳೆದಿದ್ದರು. ಕಾದ ಟ್ಯೂಬ್ ಕೂದಲಷ್ಟು ಬಾಗಿದರೂ ಸಾಕು, ಶಾಫ್ಟ್ ಆಯಿಲ್ ಸೀಲಿನ ನಡುವೆ ನೇರ ಕೂರುವುದಿಲ್ಲ. ಸೀಲ್ ಒಂದೇ ಬದಿ ಸವೆದು ಗೇರ್ ಆಯಿಲ್ ಬ್ರೇಕ್ ಡ್ರಮ್ಮಿಗೆ ಇಳಿಯಿತು. ಅಣ್ಣಿಗೇರಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಅಡ್ಡ ಬಂತು ಅಂತ ಬ್ರೇಕ್ ಒತ್ತಿದರೆ ಜೀಪು ಎಡಕ್ಕೆ ಎಳೆದು ರಸ್ತೆ ಬಿಟ್ಟು ಇಳಿದೇ ಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಬಲಗಡೆ ಡ್ರಮ್ ಬಿಚ್ಚಿದಾಗ ಬ್ರೇಕ್ ಶೂ ಎಣ್ಣೆಯಲ್ಲಿ ನೆನೆದ ಬತ್ತಿಯ ಥರ ಇತ್ತು, ಗೇರ್ ಆಯಿಲಿನ ಗಂಧಕದ ವಾಸನೆ ಮೂಗಿಗೆ ಅಡರಿತು. ಹೊಸ ಸೀಲ್ ಹಾಕಿದರೂ ಸೋರುವುದು ನಿಲ್ಲಲಿಲ್ಲ. ಟ್ಯೂಬೇ ಬಾಗಿದ ಮೇಲೆ ಸೀಲ್ ಏನು ಮಾಡೀತು? ವೆಲ್ಡ್ ಆದಮೇಲೆ ಟ್ಯೂಬ್ ನೇರ ಇದೆಯಾ ಅಂತ ಲೇತ್ ಇರುವ ವರ್ಕ್‌ಶಾಪಿನಲ್ಲಿ ನೋಡಿಸಿ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇಂಥವಕ್ಕೆ ಕೊರತೆಯಿಲ್ಲ.

ಕಾಗದದ ವಿಷಯವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಹೌಸಿಂಗ್ ಕೆಲಸಕ್ಕೆ ಕೈಹಾಕುವ ಮುನ್ನ ಆರ್‌ಟಿಓದಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಕೇಳಿಕೊಳ್ಳಿ. ಗುಜರಿಯಿಂದ ತಂದ ಹೌಸಿಂಗಿಗೆ ಬಿಲ್ ಕೇಳಿ, ಯಾವ ಗಾಡಿಯದು ಅಂತ ನಂಬರ್ ಸಮೇತ ಬರೆಸಿಕೊಳ್ಳಿ. ನಮಗೆ ಸಿಕ್ಕದ್ದು ಬಿಳಿ ಚೀಟಿಯ ಮೇಲೆ ಮೊತ್ತ ಮಾತ್ರ. ಅದಕ್ಕೇ ಈಗ ಜಗಳ ಆಡಲೂ ದಾರಿಯಿಲ್ಲ.

ಸದ್ಯಕ್ಕೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಟ್ಟಿದ್ದೇವೆ. ಜೀಪು ಟೂ ವೀಲ್‌ನಲ್ಲೇ ಓಡುತ್ತಿದೆ. ಗದಗಿನ ಒಬ್ಬ ಹಿರಿಯ ಮಿಸ್ತ್ರಿ ನೋಡಿ, ಹಳೆ ಹೌಸಿಂಗನ್ನೇ ವಾಪಸ್ ಹಾಕಿ, ಹೊಸ ಶಾಫ್ಟ್, ಹೊಸ ಕೀ, ಬೇರಿಂಗ್ ಕೊಟ್ಟು, ಹಬ್ ನಟ್ ಟಾರ್ಕ್ ವ್ರೆಂಚಿನಲ್ಲೇ ಬಿಗಿಯಬೇಕು ಅಂದಿದ್ದಾರೆ. ಟೈರ್ ಕೂಡ ಸಣ್ಣದು ಹಾಕಿ ಅಂದರು, ಅದಕ್ಕೆ ಕಾಕಾ ಇನ್ನೂ ಒಪ್ಪಿಲ್ಲ. ಹಳೆ ಹೌಸಿಂಗ್ ಮೊದಲಿನ ಗ್ಯಾರೇಜಿನಲ್ಲೇ ಇದೆ. “ಎಕ್ಸ್‌ಚೇಂಜ್‌ನ್ಯಾಗ ಹೋಗೇತಿ” ಅನ್ನುತ್ತಿದ್ದಾರೆ. ನಿಮ್ಮ ಗಾಡಿಯಿಂದ ಬಿಚ್ಚಿದ್ದನ್ನು ಅವತ್ತೇ ಮನೆಗೆ ಹೊತ್ತುಕೊಂಡು ಬನ್ನಿ.