ಹಿತ್ತಲಿಗೆ ನಾಟಿ ಕೋಳಿಯೋ, ಗಿರಿರಾಜವೋ?

ಮಾಲೂರು ಕಡೆ ತೋಟದ ಮನೆ, ಮಕ್ಕಳಿಗೆ ಮನೆ ಮೊಟ್ಟೆ ಸಿಗಬೇಕು, ಯಾವುದು ತರಲಿ ಎಂದು ಕೇಳಿದ್ದೀರಿ.

ಮೊಟ್ಟೆ ಲೆಕ್ಕದಲ್ಲಿ ಗಿರಿರಾಜ ಎಂಬ ಸುಧಾರಿತ ತಳಿಯೇ ಮುಂದು: ವರ್ಷಕ್ಕೆ 130ರಿಂದ 150. ನಾಟಿ 60 ಇಟ್ಟರೆ ಹೆಚ್ಚು. ಆದರೆ ಗಿರಿರಾಜ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ, ಮರಿ ಕೊಂಡೇ ತರಬೇಕು. ನಾಟಿ ಹ್ಯಾಟೆಗೆ ಮಂಕರಿಯಲ್ಲಿ ಹುಲ್ಲು ಹಾಸಿ 10–12 ಮೊಟ್ಟೆ ಇಡಿ, 21 ದಿನಕ್ಕೆ ಮರಿ. ಏಳನೇ ರಾತ್ರಿ ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ನೋಡಿ. ಕೆಂಪು ನರ ಕಾಣದಿದ್ದರೆ ತೆಗೆದುಬಿಡಿ. ಬಿಟ್ಟರೆ ಕೊಳೆತು ಒಡೆದು ಪಕ್ಕದವನ್ನೂ ಕೆಡಿಸುತ್ತದೆ.

ಕೊಂಡ ಮರಿಗೆ ಮೂರ್ನಾಲ್ಕು ವಾರ ಬಲ್ಬಿನ ಶಾಖ ಬೇಕು. ಬಲ್ಬಿನಡಿ ಒಂದರ ಮೇಲೊಂದು ಬಿದ್ದರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ. ರಾತ್ರಿ ಕರೆಂಟ್ ಕೈಕೊಡುವ ಊರಲ್ಲಿ ಇದೇ ದೊಡ್ಡ ತಲೆನೋವು.

ನಾಟಿ ತಿಪ್ಪೆ ಕೆದರಿ, ಗೆದ್ದಲು, ಉದುರಿದ ರಾಗಿ ತಿಂದು ಹೊಟ್ಟೆ ಹೊರೆಯುತ್ತದೆ. ಗಿರಿರಾಜಕ್ಕೆ ಮೈ ಭಾರ, ಕೈತೀನಿಯೂ ಬೇಕು. ಹಾರಲಾರದೆ ನಾಯಿಗೆ ಸುಲಭವಾಗಿ ಸಿಗುತ್ತದೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಎರಡಕ್ಕೂ ತಪ್ಪಿಸಬೇಡಿ.

ಬೇಲಿ, ಗೂಡು ಭದ್ರವಾಗಿದ್ದು ಮೊಟ್ಟೆಯೇ ಮುಖ್ಯವಾದರೆ ಗಿರಿರಾಜ. ಹಗಲೆಲ್ಲ ಮನೆಯಲ್ಲಿ ಯಾರೂ ಇರದಿದ್ದರೆ, ಹಬ್ಬದ ಮಾರನೆ ದಿನ ಮುದ್ದೆಗೆ ಗಟ್ಟಿ ಸಾರು ಬೇಕೆಂದರೆ ನಾಟಿ.